ಬಿಲ್ಲಿ ಕ್ಯಾನನ್ (1937–2018): ಆ 89 ಗಜದ ಓಟ ಮತ್ತು ಉಳಿದದ್ದು

ಹಳೇರೀಲು · 21 ಮೇ 2018

ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯ (ಇನ್ನು ಮುಂದೆ ಎಲ್‌ಎಸ್‌ಯು) ಅಮೆರಿಕನ್ ಫುಟ್‌ಬಾಲ್ ಹಾಫ್‌ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಬಿಲ್ಲಿ ಕ್ಯಾನನ್ ನಿನ್ನೆ ಸೇಂಟ್ ಫ್ರಾನ್ಸಿಸ್‌ವಿಲ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು. ವಯಸ್ಸು 80. 1958ರ ರಾಷ್ಟ್ರೀಯ ಚಾಂಪಿಯನ್ ತಂಡದ ಜೀವಾಳ, 1959ರ ಹೈಸ್‌ಮನ್ ಟ್ರೋಫಿ (ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಪ್ರಶಸ್ತಿ) ವಿಜೇತ, ಜೆರ್ಸಿ ನಂಬರ್ 20.

ನಾಳೆಯಿಂದ ಎಲ್ಲೆಡೆ ಅದೇ ಕಪ್ಪು-ಬಿಳುಪು ತುಣುಕು ತಿರುಗುತ್ತದೆ. 1959ರ ಅಕ್ಟೋಬರ್ 31, ಹ್ಯಾಲೋವೀನ್ ರಾತ್ರಿ, ಬ್ಯಾಟನ್ ರೂಜ್‌ನ ಟೈಗರ್ ಸ್ಟೇಡಿಯಂ. ಮೊದಲ ರ‍್ಯಾಂಕಿನ ಎಲ್‌ಎಸ್‌ಯು, ಮೂರನೇ ರ‍್ಯಾಂಕಿನ ಓಲ್ ಮಿಸ್ (ಮಿಸಿಸಿಪಿ ವಿಶ್ವವಿದ್ಯಾಲಯ). 0–3ರಿಂದ ಹಿಂದಿದ್ದ ತಂಡಕ್ಕೆ ಕ್ಯಾನನ್ ಪಂಟ್ (ಎದುರಾಳಿ ದೂರಕ್ಕೆ ಒದ್ದ ಚೆಂಡು) ಹಿಡಿದು 89 ಗಜ ಓಡಿ ಗೆಲುವು ತಂದರು, 7–3. ಇಷ್ಟನ್ನು ಎಲ್ಲ ಪತ್ರಿಕೆಯವರೂ ಬರೆಯುತ್ತಾರೆ. ಇಲ್ಲಿ ಆಟ ಬಲ್ಲವರಿದ್ದೀರಿ. ಆ ಕೆಲವೇ ಸೆಕೆಂಡುಗಳಲ್ಲಿ ಏನೇನಾಯಿತು, ಯಾಕಾಯಿತು ಅಂತ ಬಿಡಿಸಿ ಬರೆಯಿರಿ. "ದಂತಕಥೆ", "ಯುಗಾಂತ್ಯ" ಇತ್ಯಾದಿಗಳಿಗೆ ಬೇರೆ ಜಾಗ ಇದೆ.

ಕಬಡ್ಡಿಕಣ್ಣು · 21 ಮೇ 2018

ತುಣುಕು ನೋಡಿದೆ ಮಾರಾಯ್ರೆ. ಓಟ ಅದ್ಭುತ, ಒಪ್ಪಿದೆ. ಆದರೆ ಆ ಚೆಂಡನ್ನು ಅವರು ಮುಟ್ಟಲೇಬಾರದಿತ್ತು, ಕೋಚ್ "ಬೇಡ ಬೇಡ" ಅಂತ ಕೂಗಿದರು ಅಂತ ಓದಿದೆ. ಯಾಕೆ ಬೇಡ? ಚೆಂಡು ಕೈಗೆ ಬಂದರೆ ಹಿಡಿಯುವುದಲ್ಲವೇ?

ಪಂಟ್‌ಪಂಡಿತ · 21 ಮೇ 2018

ಸರಿಯಾದ ಪ್ರಶ್ನೆ. ಲೆಕ್ಕದಿಂದ ಶುರು ಮಾಡೋಣ.

ನಾಲ್ಕು ಡೌನ್‌ಗಳಲ್ಲಿ (ಪ್ರಯತ್ನಗಳಲ್ಲಿ) 10 ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಹಾಗಾಗಿ ಸಾಗುವ ಭರವಸೆ ಇಲ್ಲದಾಗ ಚೆಂಡನ್ನು ಕಾಲಿನಿಂದ ದೂರಕ್ಕೆ ಒದ್ದು ಕೊಡುತ್ತಾರೆ. ಅದೇ ಪಂಟ್. ಎದುರಾಳಿ ತನ್ನ ಗೋಲ್ ಗೆರೆಗೆ ಎಷ್ಟು ಹತ್ತಿರದಿಂದ ಆಟ ಶುರು ಮಾಡಬೇಕಾಗುತ್ತದೋ ಒದ್ದವರಿಗೆ ಅಷ್ಟು ಲಾಭ.

ಕೊನೆಯ ಕ್ವಾರ್ಟರ್‌ನಲ್ಲಿ ಸುಮಾರು 10 ನಿಮಿಷ ಉಳಿದಿತ್ತು. ಓಲ್ ಮಿಸ್ ತನ್ನದೇ 42ನೇ ಗಜದಲ್ಲಿ (ತನ್ನ ಗೋಲ್ ಗೆರೆಯಿಂದ ಎಣಿಸಿ). ಮೂರನೇ ಡೌನ್, ಬೇಕಿದ್ದದ್ದು 17 ಗಜ. ಕೋಚ್ ಜಾನಿ ವಾಟ್ ಮೂರನೇ ಡೌನ್‌ನಲ್ಲೇ ಒದೆಯಲು ಹೇಳಿದರು. ಇವತ್ತಿನವರಿಗೆ ಇದು ಹೇಡಿತನ ಅನ್ನಿಸುತ್ತದೆ. ಆಗ ಅದೇ ಜಾಣತನ. ಹವೆ ತೇವ, ಚೆಂಡು ಜಾರುತ್ತಿತ್ತು. ಮೂರನೇ ಡೌನ್‌ನಲ್ಲಿ ಸ್ನ್ಯಾಪ್ (ಒದೆಯುವವನಿಗೆ ಹಿಂದಕ್ಕೆ ಎಸೆಯುವ ಚೆಂಡು) ಕೈತಪ್ಪಿದರೂ ಚೆಂಡಿನ ಮೇಲೆ ಬಿದ್ದು ನಾಲ್ಕನೆಯದರಲ್ಲಿ ಮತ್ತೆ ಒದೆಯಬಹುದು. ನಾಲ್ಕನೆಯದರಲ್ಲಿ ಕೈತಪ್ಪಿದರೆ ಚೆಂಡೇ ಹೋಯಿತು. 3–0 ಮುಂದಿರುವಾಗ ಯಾರೂ ಆ ಅಪಾಯ ತಗೊಳ್ಳುತ್ತಿರಲಿಲ್ಲ.

ಒದ್ದದ್ದು ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿ ನಡೆಸಿ ಪಾಸ್ ಎಸೆಯುವ ಆಟಗಾರ, ಜೇಕ್ ಗಿಬ್ಸ್ (ಮುಂದೆ ಇದೇ ಮನುಷ್ಯ ನ್ಯೂಯಾರ್ಕ್ ಯಾಂಕೀಸ್‌ಗೆ ಬೇಸ್‌ಬಾಲ್ ಕ್ಯಾಚರ್ ಆದರು). 47 ಗಜದ ಒದೆ. ಚೆಂಡು ಪುಟಿದು ಎಲ್‌ಎಸ್‌ಯುನ 11ನೇ ಗಜದಲ್ಲಿ ಕ್ಯಾನನ್ ಎದುರಿಗೆ ಬಂತು.

ಇಲ್ಲಿ ನಿಂತವನು ಏನು ಮಾಡಬೇಕು? ಕೋಚ್ ಪಾಲ್ ಡೀಟ್‌ಝೆಲ್ ಅವರ ನಿಯಮ ಸ್ಪಷ್ಟವಾಗಿತ್ತು: 15ನೇ ಗಜದ ಒಳಗೆ ಬಿದ್ದ ಪಂಟ್ ಮುಟ್ಟಬೇಡಿ. ಬಿಟ್ಟರೆ ಚೆಂಡು ಉರುಳಿ ಎಂಡ್ ಝೋನ್‌ಗೆ (ಗೋಲ್ ಗೆರೆಯ ಹಿಂದಿನ ಜಾಗಕ್ಕೆ) ಹೋಗಬಹುದು, ಹೋದರೆ ಟಚ್‌ಬ್ಯಾಕ್, 20ನೇ ಗಜದಿಂದ ಪುಕ್ಕಟೆ ಆರಂಭ. ಹಿಡಿದು ಐದಾರು ಗಜ ಓಡಿ ಬಿದ್ದರೆ 16–17ರಿಂದ ಆರಂಭ, ಅಂದರೆ ಕಷ್ಟಪಟ್ಟೂ ನಷ್ಟ. ಮೂರನೆಯದು ನಿಜವಾದ ಭಯ. ಯಾರೂ ಮುಟ್ಟದ ಪಂಟ್ ಅನ್ನು ಒದ್ದವರು ತಮ್ಮದಾಗಿಸಿಕೊಳ್ಳುವಂತಿಲ್ಲ. ಹಿಡಿಯಬೇಕಾದವನು ಮುಟ್ಟಿ ಕೈಬಿಟ್ಟರೆ ಮಾತ್ರ ಅದು ಯಾರ ಕೈಗೆ ಸಿಗುತ್ತದೋ ಅವರದ್ದು. 11ನೇ ಗಜದಲ್ಲಿ ಹಾಗಾದರೆ ಓಲ್ ಮಿಸ್‌ಗೆ ಟಚ್‌ಡೌನ್ (ಚೆಂಡಿನೊಂದಿಗೆ ಗೋಲ್ ಗೆರೆ ದಾಟುವುದು), 0–10, ಪಂದ್ಯ ಅಲ್ಲಿಗೆ ಮುಗಿಯಿತು.

ಆ ರಾತ್ರಿಯೇ ಕ್ಯಾನನ್ ಒಮ್ಮೆ ಚೆಂಡು ಬಿಟ್ಟಿದ್ದರು ಅನ್ನುವುದನ್ನು ಮರೆಯಬೇಡಿ. ಮೊದಲ ಕ್ವಾರ್ಟರ್‌ನಲ್ಲಿ ಅವರ ಫಂಬಲ್‌ನಿಂದಲೇ ಓಲ್ ಮಿಸ್‌ಗೆ ಚೆಂಡು ಸಿಕ್ಕಿ, ಬಾಬ್ ಖಯಾತ್ ಫೀಲ್ಡ್ ಗೋಲ್ ಹೊಡೆದದ್ದು. ಆ ಮೂರು ಪಾಯಿಂಟ್ ಅಲ್ಲಿಂದ ಬಂದದ್ದು. (ಖಯಾತ್ ಮುಂದೆ ಅದೇ ವಿಶ್ವವಿದ್ಯಾಲಯದ ಚಾನ್ಸಲರ್ ಆದರು. ಈ ಪಂದ್ಯದಲ್ಲಿ ಆಡಿದವರ ಮುಂದಿನ ಬದುಕೇ ಒಂದು ಪುಸ್ತಕಕ್ಕಾಗುವಷ್ಟಿದೆ.)

ಮತ್ತೆ ಯಾಕೆ ಹಿಡಿದರು? ಮೊಟ್ಟೆಯಾಕಾರದ ಚೆಂಡು ನೆಲಕ್ಕೆ ಬಿದ್ದರೆ ಎತ್ತ ಹಾರುತ್ತದೆಂದು ಹೇಳಲಾಗದು. ಈ ಸಲ ಅದು ಎತ್ತರಕ್ಕೆ ಪುಟಿದು ನೇರ ಕೈಗೆ ಬಂತು, ಬಗ್ಗುವ ಕೆಲಸ ಇರಲಿಲ್ಲ, ಕಾಲು ಆಗಲೇ ಮುಂದಕ್ಕೆ ಸಾಗುತ್ತಿತ್ತು. ಡೀಟ್‌ಝೆಲ್ ಮೈದಾನದ ಅಂಚಿನಲ್ಲಿ ನಿಂತು "ಬೇಡ, ಬೇಡ" ಅಂತ ಕೂಗಿ, ಅದೇ ಉಸಿರಿನಲ್ಲಿ "ಓಡು, ಓಡು" ಅಂದದ್ದನ್ನು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಕಬಡ್ಡಿಕಣ್ಣು · 21 ಮೇ 2018

ಅಂದರೆ ಬೋನಸ್ ಗೆರೆ ದಾಟಲು ಹೋಗಿ ಸಿಕ್ಕಿಬೀಳುವ ರೈಡರ್ ಕಥೆ. ಬಂದರೆ ಹೀರೊ, ಇಲ್ಲವಾದರೆ ಕೋಚ್ ಕೈಲಿ ಮಂಗಳಾರತಿ. ಸರಿ, ಅಡ್ಡ ಬಂದ ಏಳು ಜನರಿಂದ ತಪ್ಪಿಸಿಕೊಂಡದ್ದು ಹೇಗೆ? ಅವರು ಹಿಡಿಯಲು ಬಾರದವರೇನಲ್ಲವಲ್ಲ.

ಪಂಟ್‌ಪಂಡಿತ · 22 ಮೇ 2018

ಬಾರದವರಲ್ಲ, ಆ ಋತುವಿನಲ್ಲಿ ದೇಶದಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಡುತ್ತಿದ್ದ ತಂಡಗಳಲ್ಲಿ ಓಲ್ ಮಿಸ್ ಒಂದು. ತುಣುಕನ್ನು ನಿಧಾನ ಮಾಡಿ ನೋಡಿ. ಕ್ಯಾನನ್ ಅವರನ್ನಲ್ಲ, ಹಿಡಿಯಲು ಬರುವವರ ಪಾದಗಳನ್ನು ನೋಡಿ.

ಪಂಟ್ ಹಿಂದೆ ಓಡುವವರು ಒಬ್ಬೊಬ್ಬರೂ ತಮ್ಮ ಓಣಿ ಬಿಡಬಾರದು. ಅಂಚಿನವನು ಚೆಂಡನ್ನು ಯಾವಾಗಲೂ ತನ್ನ ಒಳಬದಿಗೇ ಇಟ್ಟುಕೊಳ್ಳಬೇಕು. ಚೆಂಡು 11ನೇ ಗಜದಲ್ಲಿ ಪುಟಿದಾಗ ಓಲ್ ಮಿಸ್‌ನವರಿಗೆ ಅದು ಬಿಟ್ಟುಬಿಡುವ ಪಂಟ್ ಅನ್ನಿಸಿರಬೇಕು, ಎಲ್ಲರೂ ಚೆಂಡಿನತ್ತಲೇ ಗುಂಪಾಗಿ ಬಂದರು. ಗುಂಪು ಕಟ್ಟಿದ ಕೂಡಲೇ ಬಲ ಅಂಚಿನ ಓಣಿ ಖಾಲಿ.

ಇನ್ನು ಟ್ಯಾಕಲ್. ಸರಿಯಾದ ಟ್ಯಾಕಲ್‌ಗೆ ಭುಜವನ್ನು ಎದುರಾಳಿಯ ಸೊಂಟಕ್ಕಿಂತ ಕೆಳಗೆ ಕೊಟ್ಟು, ಕಾಲೂರಿ ತಳ್ಳಬೇಕು. ಒದ್ದೆ ನೆಲದಲ್ಲಿ ಪೂರ್ತಿ ವೇಗದಿಂದ ಬಂದವನಿಗೆ ಕಾಲೂರಲು ಆಗುವುದಿಲ್ಲ. ಎತ್ತ ತಿರುಗಬೇಕೆಂದು ತೀರ್ಮಾನಿಸುವವನು ಓಡುವವನು, ಹಿಡಿಯುವವನು ಅರ್ಧ ಹೆಜ್ಜೆ ತಡ. ಹಾಗಾಗಿ ಸಿಗುವುದು ಬರೀ ಕೈ. ಕ್ಯಾನನ್ ಸುಮಾರು 210 ಪೌಂಡ್, ಅಂದರೆ 95 ಕಿಲೊ. 100 ಗಜವನ್ನು 9.4 ಸೆಕೆಂಡಿನಲ್ಲಿ ಓಡುತ್ತಿದ್ದರು. ಸರಾಸರಿ ತೆಗೆದರೆ ಸೆಕೆಂಡಿಗೆ ಸುಮಾರು 9.7 ಮೀಟರ್. ಪ್ಯಾಡು, ಶೂ, ಕೆಸರು ಎಲ್ಲ ಸೇರಿ ಅಷ್ಟು ಬಾರದೆಂದೇ ಇಟ್ಟುಕೊಳ್ಳಿ, ಆದರೂ ಆ ತೂಕ ಆ ವೇಗದಲ್ಲಿ ಬಂದರೆ ಬರೀ ಕೈಗೆ ನಿಲ್ಲುವುದಿಲ್ಲ.

ಏಳೂ ಪ್ರಯತ್ನಗಳು ಅರ್ಧ ಮೈದಾನ ದಾಟುವ ಮೊದಲೇ ಮುಗಿಯುತ್ತವೆ. ಕೊನೆಯವರು ಒದ್ದ ಗಿಬ್ಸ್ ಅವರೇ. ಅವರನ್ನು ದಾಟಿದ ಮೇಲೆ ಉಳಿದದ್ದು ಬರೀ ಓಟ, ಅದರಲ್ಲಿ ಇವರನ್ನು ಹಿಡಿಯುವವರು ಆ ಮೈದಾನದಲ್ಲಿ ಇರಲಿಲ್ಲ.

ಗರಡಿಮನೆ · 22 ಮೇ 2018

95 ಕಿಲೊ ಮತ್ತು 9.4 ಸೆಕೆಂಡ್ ಅಂದಿರಲ್ಲ, ನೋಡ್ರಿ, ಎರಡೂ ಒಂದೇ ಮೈಯಾಗ ಹೆಂಗ ಕೂಡಿದವು ಅನ್ನೋದ ಈ ಮನುಷ್ಯನ ಅರ್ಧ ಕಥಿ.

1950ರ ದಶಕದಾಗ ಅಮೆರಿಕದ ಕೋಚ್‌ಗಳು ಆಟಗಾರರಿಗೆ ಬಾರ್‌ಬೆಲ್ ಮುಟ್ಟಾಕ ಬಿಡ್ತಿರಲಿಲ್ಲ. ಸ್ನಾಯು ಬಿಗಿದು ಮೈ ಗಡಸಾಗ್ತದ, ಓಟ ನಿಧಾನ ಆಗ್ತದ ಅಂತ ನಂಬಿದ್ದರು. ಬ್ಯಾಟನ್ ರೂಜ್‌ನಾಗ ಆಲ್ವಿನ್ ರಾಯ್ ಅಂತ ಒಬ್ಬ ಜಿಮ್ ಮಾಲೀಕ ಇದ್ದ. ಅಮೆರಿಕದ ಒಲಿಂಪಿಕ್ ವೇಟ್‌ಲಿಫ್ಟಿಂಗ್ ತಂಡದ ಜೊತಿ ಕೆಲಸ ಮಾಡಿದಾವ. ಭಾರ ಎತ್ತೋರ ಜಿಗಿತ, ಚುರುಕು ಕಣ್ಣಾರೆ ಕಂಡಿದ್ದ. ಇಸ್ಟ್ರೂಮಾ ಹೈಸ್ಕೂಲಿನವರನ್ನ ಒಪ್ಪಿಸಿ, 1955ರಾಗ ಅಲ್ಲಿ ಹುಡುಗರಿಗೆ ಭಾರ ಎತ್ತೋ ತರಬೇತಿ ಶುರು ಮಾಡಿದ. ಆ ತಂಡದಾಗ ಕ್ಯಾನನ್ ಇದ್ದ. ಆ ವರ್ಷ ಇಸ್ಟ್ರೂಮಾ ರಾಜ್ಯ ಚಾಂಪಿಯನ್.

ಆ ತರಬೇತಿಯ ಗುಟ್ಟು ಏನಂದ್ರ, ಭಾರ ಹೆಚ್ಚು, ಎಣಿಕೆ ಕಡಿಮೆ, ಎತ್ತೋದು ವೇಗದಿಂದ. ಸ್ಕ್ವಾಟ್‌ನಂಥ ಕಾಲು-ಸೊಂಟದ ಕಸರತ್ತಿಗೆ ಪೂರ್ತಿ ಬಗ್ಗಿ ಏಳಬೇಕು, ಅರ್ಧಕ್ಕ ನಿಲ್ಲಬಾರದು. ಕೋಚ್‌ಗಳ ಭಯ ಹುಟ್ಟಿದ್ದೂ ಅಂಥ ಅರ್ಧಂಬರ್ಧ ಕಸರತ್ತಿನಿಂದನ ಅಂತ ನನಗನಸ್ತದ. ಕ್ಯಾನನ್ ಟ್ರ್ಯಾಕ್‌ನಾಗ ಶಾಟ್‌ಪುಟ್ಟನ್ನೂ ಎಸೀತಿದ್ದ, 100 ಗಜನೂ ಓಡ್ತಿದ್ದ. ಎರಡೂ ಒಬ್ಬನ ಕೈಲಿ ಆಗ್ತದ ಅನ್ನೋದ ಅಂದಿನ ಕೋಚ್‌ಗಳಿಗೆ ನಂಬಲಿಕ್ಕಾಗಿಲ್ಲ. ರಾಯ್ ಆಮೇಲೆ ಎಲ್‌ಎಸ್‌ಯುಗೂ ಅದನ್ನ ಒಯ್ದ. 1963ರಾಗ ಸ್ಯಾನ್ ಡಿಯೇಗೊ ಚಾರ್ಜರ್ಸ್ ಅವನನ್ನ ಸ್ಟ್ರೆಂತ್ ಕೋಚ್ ಅಂತ ಸಂಬಳಕ್ಕ ಇಟ್ಟುಕೊಂಡಿತು. ವೃತ್ತಿಪರ ಫುಟ್‌ಬಾಲ್‌ನಾಗ ಆ ಹುದ್ದಿ ಅವನಿಂದನ ಶುರು.

ಮೂರನೇಡೌನ್ · 22 ಮೇ 2018

ಎಲ್ಲರೂ ಓಟದಲ್ಲೇ ನಿಂತಿದ್ದೀರಿ. ಆ ಪಂದ್ಯ ಗೆದ್ದದ್ದು ಓಟದಿಂದಲ್ಲ ಎಂಬುದು ನನ್ನ ವಾದ.

ಓಟ ಮುಗಿದಾಗ ಇನ್ನೂ ಸುಮಾರು 10 ನಿಮಿಷ ಆಟ ಬಾಕಿ. ಓಲ್ ಮಿಸ್ ಮತ್ತೆ ಚೆಂಡು ಹಿಡಿದು, ಡಗ್ ಎಲ್‌ಮೋರ್ ಎಂಬ ಕ್ವಾರ್ಟರ್‌ಬ್ಯಾಕ್ ಕೈಲಿ ಬಹುಪಾಲು ಮೈದಾನ ಸಾಗಿ, ಕೊನೆಯ ಅರ್ಧ ನಿಮಿಷದೊಳಗೆ ಗೋಲ್ ಗೆರೆಗೆ ಒಂದೆರಡು ಗಜದ ಹತ್ತಿರ ಬಂತು. ನಾಲ್ಕನೇ ಡೌನ್. 3–7ರಿಂದ ಹಿಂದಿದ್ದವರಿಗೆ ಫೀಲ್ಡ್ ಗೋಲ್‌ನ ಮೂರು ಪಾಯಿಂಟ್ ಕಸಕ್ಕೆ ಸಮ, ಟಚ್‌ಡೌನೇ ಬೇಕು. ಎಲ್‌ಮೋರ್ ತಾವೇ ಚೆಂಡು ಹಿಡಿದು ನುಗ್ಗಿದರು. ತಡೆದದ್ದು ಇಬ್ಬರು: ವಾರೆನ್ ರ‍್ಯಾಬ್ ಮತ್ತು ಬಿಲ್ಲಿ ಕ್ಯಾನನ್.

ಒಬ್ಬರು ಎಲ್‌ಎಸ್‌ಯುನ ಕ್ವಾರ್ಟರ್‌ಬ್ಯಾಕ್, ಇನ್ನೊಬ್ಬರು ಹಾಫ್‌ಬ್ಯಾಕ್. ಇಬ್ಬರೂ ದಾಳಿಯ ಆಟಗಾರರು. ಅವರೇಕೆ ರಕ್ಷಣೆಯಲ್ಲಿದ್ದರು? 1953ರಲ್ಲಿ ಕಾಲೇಜು ಫುಟ್‌ಬಾಲ್‌ನಲ್ಲಿ ಮನಸ್ಸಿಗೆ ಬಂದಂತೆ ಆಟಗಾರರನ್ನು ಬದಲಿಸುವುದನ್ನು ನಿಲ್ಲಿಸಿದರು. ಹೊರಗೆ ಹೋದವನು ಅದೇ ಕ್ವಾರ್ಟರ್‌ನಲ್ಲಿ ಮತ್ತೆ ಮತ್ತೆ ಒಳಗೆ ಬರುವಂತಿರಲಿಲ್ಲ. ಹಾಗಾಗಿ 11 ಮಂದಿಯೇ ದಾಳಿಯನ್ನೂ ರಕ್ಷಣೆಯನ್ನೂ ಆಡಬೇಕು. ಈ ಕಟ್ಟುಪಾಡು 1960ರ ದಶಕದ ಮಧ್ಯದಲ್ಲಿ ಸಡಿಲವಾಯಿತು.

ಡೀಟ್‌ಝೆಲ್ ಅವರ ಬುದ್ಧಿವಂತಿಕೆ ಇಲ್ಲಿದೆ. 1958ರಲ್ಲಿ ಅವರು ತಂಡವನ್ನು ಮೂರು ಮಾಡಿದರು. ಎರಡೂ ಬಲ್ಲ ಅತ್ಯುತ್ತಮರು ವೈಟ್ ಟೀಮ್. ದಾಳಿಯವರು ಗೋ ಟೀಮ್ (ಮೊದಲು ಗೋಲ್ಡ್ ಅನ್ನುತ್ತಿದ್ದರು). ಮೂರನೇ ಸಾಲಿನ ರಕ್ಷಣೆಯವರು ಚೈನೀಸ್ ಬ್ಯಾಂಡಿಟ್ಸ್, ಒಂದು ಕಾಮಿಕ್ಸ್‌ನಿಂದ ತೆಗೆದ ಹೆಸರು, ಇವತ್ತು ಯಾರೂ ಇಡಲಾರರು. ಮೂರು ತಂಡಗಳನ್ನೂ ಸರದಿಯಲ್ಲಿ ಇಳಿಸಿದರೆ ಎದುರಾಳಿಯ 11 ಮಂದಿ ಕೊನೆಯ ಕ್ವಾರ್ಟರ್ ಹೊತ್ತಿಗೆ ಬೆವರಿ ಬಸವಳಿದಿರುತ್ತಾರೆ, ಎಲ್‌ಎಸ್‌ಯುನವರ ಕಾಲಲ್ಲಿ ಇನ್ನೂ ಕಸುವು ಇರುತ್ತದೆ. 11 ಗೆಲುವು, ಸೋಲಿಲ್ಲ, ರಾಷ್ಟ್ರೀಯ ಪಟ್ಟ.

ಈಗ ಓಟವನ್ನು ಮತ್ತೆ ನೋಡಿ. ಕೊನೆಯ ಕ್ವಾರ್ಟರ್, ಏಳು ಟ್ಯಾಕಲ್ ಮುರಿದದ್ದು ಯಾರ ಕಾಲು, ಕೈ ಜಾರಿದ್ದು ಯಾರದು?

ಪಂಟ್‌ಪಂಡಿತ · 22 ಮೇ 2018

ಕಾಲಿನ ಕಸುವಿನ ಮಾತು ಒಪ್ಪಿದೆ, "ಓಟದಿಂದಲ್ಲ" ಎಂಬುದನ್ನು ಒಪ್ಪಲಾರೆ. ಓಟ ಇಲ್ಲದಿದ್ದರೆ ಓಲ್ ಮಿಸ್ ಆ ಕೊನೆಯ ದಾಳಿಯನ್ನೇ ಮಾಡುತ್ತಿರಲಿಲ್ಲ. ಪಂಟ್ ಮೇಲೆ ಪಂಟ್ ಒದ್ದು 3–0ಕ್ಕೆ ಗೆದ್ದು ಬಸ್ ಹತ್ತುತ್ತಿದ್ದರು.

ಹಳೇರೀಲು · 23 ಮೇ 2018

ಶ್ರದ್ಧಾಂಜಲಿ ಬರಹಗಳಲ್ಲಿ ಆಗಲೇ ಗೊಂದಲ ಶುರುವಾಗಿದೆ. ಕನ್ನಡದಲ್ಲಿ ಬರೆಯುವವರು ಇವನ್ನು ಗಮನಿಸಿ.

ರಾಷ್ಟ್ರೀಯ ಪಟ್ಟ 1958ರದ್ದು, ಹ್ಯಾಲೋವೀನ್ ಓಟ ಮತ್ತು ಹೈಸ್‌ಮನ್ 1959ರವು. ಓಟದಿಂದ ಪಟ್ಟ ಬಂತೆಂದು ಬರೆದರೆ ತಪ್ಪು. ಓಟದ ಮರುವಾರವೇ, ನವೆಂಬರ್ 7ರಂದು, ಟೆನೆಸಿ ಎದುರು ಎಲ್‌ಎಸ್‌ಯು 13–14ರಿಂದ ಸೋತಿತು. 19 ಸತತ ಗೆಲುವುಗಳ ಸರಣಿ ಅಲ್ಲಿಗೆ ಮುರಿಯಿತು. ಅಲ್ಲೂ ಕೊನೆಯ ಚೆಂಡು ಕ್ಯಾನನ್ ಕೈಲೇ ಇತ್ತು. ಟಚ್‌ಡೌನ್ ಆದ ಮೇಲೆ ಒದ್ದರೆ ಒಂದು ಪಾಯಿಂಟ್, ಆಗ 14–14 ಡ್ರಾ. ಓಡಿ ದಾಟಿದರೆ ಎರಡು. ಈ ಎರಡರ ನಿಯಮ ಬಂದದ್ದೇ 1958ರಲ್ಲಿ. ಡೀಟ್‌ಝೆಲ್ ಎರಡಕ್ಕೆ ಹೋದರು, ಕ್ಯಾನನ್ ಅವರನ್ನು ಗೆರೆಯಲ್ಲೇ ಹಿಡಿದು ನಿಲ್ಲಿಸಿದರು. ತಾನು ಗೆರೆ ದಾಟಿದ್ದೆ ಎಂದೇ ಅವರು ಕೊನೆಯವರೆಗೆ ಹೇಳುತ್ತಿದ್ದರು.

1960ರ ಜನವರಿ 1ರ ಶುಗರ್ ಬೌಲ್‌ನಲ್ಲಿ (ಋತುವಿನ ಕೊನೆಯ ದೊಡ್ಡ ಕಾಲೇಜು ಪಂದ್ಯಗಳಲ್ಲೊಂದು) ಓಲ್ ಮಿಸ್ ಸೇಡು ತೀರಿಸಿಕೊಂಡಿತು, 21–0. ಅದಕ್ಕೂ ಒಂದು ವರ್ಷ ಹಿಂದಿನ ಶುಗರ್ ಬೌಲ್ ಬೇರೆ. ಅದರಲ್ಲಿ ಕ್ಲೆಮ್ಸನ್ ವಿರುದ್ಧ 7–0 ಗೆಲುವು, ಕ್ಯಾನನ್ ಓಡುವಂತೆ ನಟಿಸಿ 9 ಗಜದ ಪಾಸ್ ಎಸೆದು ಮಿಕ್ಕಿ ಮ್ಯಾಂಗಮ್‌ಗೆ ಟಚ್‌ಡೌನ್ ಕೊಟ್ಟರು, ಮೇಲಿನ ಒಂದು ಪಾಯಿಂಟನ್ನೂ ತಾವೇ ಒದ್ದರು. ಆ ಚೆಂಡು ಸಿಕ್ಕಿದ್ದು ಕ್ಲೆಮ್ಸನ್‌ನವರ ಪಂಟ್ ಸ್ನ್ಯಾಪ್ ಕೆಟ್ಟದ್ದರಿಂದ. ಪಂಡಿತರು ಮೇಲೆ ಹೇಳಿದ ಭಯ ಎಷ್ಟು ನಿಜ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಕರಾರುಪತ್ರ · 23 ಮೇ 2018

ಆ 0–21 ಸೋಲಿನ ಸಂಜೆಯ ಇನ್ನೊಂದು ಘಟನೆ. ಪಂದ್ಯ ಮುಗಿದ ಮೇಲೆ ಮೈದಾನದಲ್ಲೇ, ಗೋಲ್ ಕಂಬದ ಕೆಳಗೆ, ಕ್ಯಾನನ್ ಹೊಸ ಲೀಗ್ ಎಎಫ್‌ಎಲ್‌ನ ಹ್ಯೂಸ್ಟನ್ ಆಯ್ಲರ್ಸ್‌ಗೆ ಸಹಿ ಹಾಕಿದರು. ತೊಡಕೇನೆಂದರೆ, ನವೆಂಬರ್ ಕೊನೆಯಲ್ಲೇ ಹಳೆಯ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೂ ಸಹಿ ಹಾಕಿಯಾಗಿತ್ತು. ಕಾಲೇಜು ಆಟ ಮುಗಿಯುವ ಮೊದಲು ವೃತ್ತಿಪರ ಕರಾರಿಗೆ ಸಹಿ ಹಾಕಿದರೆ ಹವ್ಯಾಸಿ ಆಟಗಾರನ ಅರ್ಹತೆ ಹೋಗುತ್ತದೆ, ಅದಕ್ಕೇ ಅದನ್ನು ಗುಟ್ಟಾಗಿಟ್ಟಿದ್ದರು. ಆಗ ರ‍್ಯಾಮ್ಸ್‌ನ ಜನರಲ್ ಮ್ಯಾನೇಜರ್ ಪೀಟ್ ರೋಝೆಲ್, 1960ರ ಜನವರಿಯಲ್ಲಿ ಇಡೀ ಎನ್‌ಎಫ್‌ಎಲ್‌ಗೆ ಕಮಿಷನರ್ ಆದವರು. 1960ರಲ್ಲಿ ನ್ಯಾಯಾಲಯ ಹ್ಯೂಸ್ಟನ್ ಪರ ತೀರ್ಪು ಕೊಟ್ಟಿತು. ಹೊಸ ಲೀಗಿಗೆ ಅದು ಬರೀ ಒಬ್ಬ ಆಟಗಾರನ ಲಾಭವಲ್ಲ, ಹಳೆಯ ಲೀಗಿನ ಮೊದಲ ಡ್ರಾಫ್ಟ್ (ತಂಡಗಳು ಸರದಿಯಲ್ಲಿ ಕಾಲೇಜು ಆಟಗಾರರನ್ನು ಆರಿಸುವುದು) ಆಯ್ಕೆಯನ್ನೇ ಕಿತ್ತುಕೊಂಡ ಧೈರ್ಯ.

ಕೊಟ್ಟ ದುಡ್ಡಿಗೆ ಮೋಸವಾಗಲಿಲ್ಲ. ಆಯ್ಲರ್ಸ್ ಮೊದಲೆರಡು ಎಎಫ್‌ಎಲ್ ಪಟ್ಟ ಗೆದ್ದಿತು. ಮೊದಲ ಫೈನಲ್‌ನಲ್ಲಿ ಜಾರ್ಜ್ ಬ್ಲಾಂಡಾ ಎಸೆದ ಪಾಸ್ ಹಿಡಿದು ಕ್ಯಾನನ್ 88 ಗಜದ ಟಚ್‌ಡೌನ್ ಮಾಡಿದರು. 1961ರಲ್ಲಿ 948 ಗಜದೊಂದಿಗೆ ಲೀಗಿನಲ್ಲೇ ಹೆಚ್ಚು ಓಡಿದವರು. ಆಮೇಲೆ ಬೆನ್ನಿನ ತೊಂದರೆ, ಓಕ್ಲೆಂಡ್ ರೇಡರ್ಸ್‌ಗೆ ಬದಲಾವಣೆ, ಅಲ್ಲಿ ಟೈಟ್ ಎಂಡ್ ಸ್ಥಾನ (ಎದುರಾಳಿಯನ್ನು ತಡೆಯುವುದು, ಪಾಸ್ ಹಿಡಿಯುವುದು ಎರಡೂ ಕೆಲಸ). 1967ರಲ್ಲಿ ಆ ಸ್ಥಾನದಿಂದ 10 ಟಚ್‌ಡೌನ್.

ಬೆಂಕಿಕಡ್ಡಿ · 23 ಮೇ 2018

ಎಲ್ಲ ಚೆನ್ನಾಗಿದೆ. ಖೋಟಾ ನೋಟಿನ ವಿಷಯ ಯಾರೂ ಎತ್ತಿಲ್ಲ. ಇನ್ನೊಂದು, ಆ ರಾತ್ರಿ ಮೈದಾನದಲ್ಲಿದ್ದ ಎರಡೂ ತಂಡಗಳಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ, ಇರಲು ಬಿಟ್ಟಿರಲಿಲ್ಲ. ಎಲ್‌ಎಸ್‌ಯು ಫುಟ್‌ಬಾಲ್‌ನಲ್ಲಿ ಆ ಬಾಗಿಲು ತೆರೆದದ್ದು 1970ರ ದಶಕದ ಆರಂಭದಲ್ಲಿ. "ದೇಶದ ಅತ್ಯುತ್ತಮ ಪಂದ್ಯ" ಎನ್ನುವಾಗ ಯಾರನ್ನು ಹೊರಗಿಟ್ಟು ಅತ್ಯುತ್ತಮ ಅನ್ನುವುದನ್ನೂ ಬರೆಯಬೇಕು.

ಹಳೇರೀಲು · 24 ಮೇ 2018

ಎರಡನೆಯದಕ್ಕೆ ಎದುರು ಮಾತಿಲ್ಲ. 1959ರ ರಾಷ್ಟ್ರೀಯ ಪಟ್ಟ ಗೆದ್ದ ಸಿರಕ್ಯೂಸ್‌ನ ಮುಂಚೂಣಿ ಓಟಗಾರ ಎರ್ನಿ ಡೇವಿಸ್ ಕಪ್ಪು ಆಟಗಾರ, 1961ರಲ್ಲಿ ಹೈಸ್‌ಮನ್ ಗೆದ್ದ ಮೊದಲ ಕಪ್ಪು ಆಟಗಾರನೂ ಅವರೇ. ದಕ್ಷಿಣದ ತಂಡಗಳು ಯಾರನ್ನು ಕಳೆದುಕೊಂಡವು ಅನ್ನುವುದಕ್ಕೆ ಆ ಒಂದು ಹೆಸರು ಸಾಕು.

ನೋಟಿನ ವಿಷಯ ಮುಚ್ಚಿಡುವಂಥದ್ದೇನಲ್ಲ. ಆಡುತ್ತಿರುವಾಗಲೇ ದಂತವೈದ್ಯ ಓದಿದ ಕ್ಯಾನನ್, ಆಮೇಲೆ ಬ್ಯಾಟನ್ ರೂಜ್‌ನಲ್ಲಿ ಹಲ್ಲು ನೇರ ಮಾಡುವ ವೈದ್ಯರಾಗಿ ಚೆನ್ನಾಗಿ ಸಂಪಾದಿಸುತ್ತಿದ್ದರು. ಜೂಜು, ಸಾಲ, ಕೈಕೊಟ್ಟ ಜಮೀನು ವ್ಯವಹಾರ. 1983ರಲ್ಲಿ 100 ಡಾಲರ್‌ನ ಖೋಟಾ ನೋಟುಗಳ ಜಾಲದಲ್ಲಿ ಸಿಕ್ಕಿಬಿದ್ದರು. ಅಚ್ಚಾದದ್ದು ಸುಮಾರು 60 ಲಕ್ಷ ಡಾಲರ್. ಅದರಲ್ಲೊಂದಿಷ್ಟನ್ನು ಐಸ್ ಪೆಟ್ಟಿಗೆಗಳಲ್ಲಿ ತುಂಬಿ ನೆಲದಲ್ಲಿ ಹೂತಿಟ್ಟಿದ್ದರು. ತಪ್ಪೊಪ್ಪಿಕೊಂಡರು, ಐದು ವರ್ಷ ಶಿಕ್ಷೆ, ಒಳಗಿದ್ದದ್ದು ಅದರ ಅರ್ಧದಷ್ಟು. ಅದೇ ವರ್ಷ ಕಾಲೇಜು ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾಗಿತ್ತು, ಅದನ್ನು ಹಿಂದಕ್ಕೆ ಪಡೆದರು. ಮತ್ತೆ ಸೇರಿಸಿಕೊಂಡದ್ದು 2008ರಲ್ಲಿ.

ಗರಡಿಮನೆ · 24 ಮೇ 2018

ಜೈಲಿನಿಂದ ಬಂದ ಮ್ಯಾಲಿಂದೂ ಬರೀರಿ. ಖಾಸಗಿ ದವಾಖಾನಿ ಮೊದಲಿನಂಗ ನಡೀಲಿಲ್ಲ. 1990ರ ದಶಕದಾಗ ಲೂಸಿಯಾನಾದ ಆಂಗೋಲಾ ಸೆರೆಮನಿಗೆ ದಂತವೈದ್ಯನಾಗಿ ಸೇರಿದ. ಹೋದಾಗ ಅಲ್ಲಿಯ ಹಲ್ಲಿನ ವಿಭಾಗ ಪೂರಾ ಹಾಳುಬಿದ್ದಿತ್ತು. ಹೊತ್ತಿಗೆ ಸರಿಯಾಗಿ ಕೈದಿಗಳನ್ನ ನೋಡೋ ವ್ಯವಸ್ಥಾ ಕಟ್ಟಿದ್ದಕ್ಕ ವಾರ್ಡನ್ ಬರ್ಲ್ ಕೇನ್ ಅವನ ಮ್ಯಾಲ ಇನ್ನೂ ಹೆಚ್ಚಿನ ಹೊಣಿ ಹಾಕಿದ. ವಯಸ್ಸಾದ ಮ್ಯಾಲೂ ಆ ಕೆಲಸ ಬಿಡಲಿಲ್ಲ.

ಬೆಂಕಿಕಡ್ಡಿ · 24 ಮೇ 2018

ಇದನ್ನು ಪ್ರಾಯಶ್ಚಿತ್ತ ಅಂತ ಬಣ್ಣ ಹಚ್ಚದೆ, ಕೆಲಸ ಅಂತ ಬರೆದದ್ದಕ್ಕೆ ನಮಸ್ಕಾರ ಗುರುಗಳೇ.

ಹಳೇರೀಲು · 1 ಅಕ್ಟೋಬರ್ 2018

ಸುದ್ದಿ: ಟೈಗರ್ ಸ್ಟೇಡಿಯಂ ಹೊರಗೆ ಕ್ಯಾನನ್ ಪ್ರತಿಮೆ ಅನಾವರಣವಾಗಿದೆ. ಆಯ್ದುಕೊಂಡದ್ದು ಓಲ್ ಮಿಸ್ ಪಂದ್ಯದ ವಾರಾಂತ್ಯವನ್ನೇ.

ಕಬಡ್ಡಿಕಣ್ಣು · 15 ಡಿಸೆಂಬರ್ 2019

ನಿನ್ನೆ ಕ್ವಾರ್ಟರ್‌ಬ್ಯಾಕ್ ಜೋ ಬರೋ ಹೈಸ್‌ಮನ್ ಗೆದ್ದರು. ಎಲ್‌ಎಸ್‌ಯುಗೆ ಕ್ಯಾನನ್ ನಂತರ ಇದೇ ಎರಡನೆಯದು, ಸರಿಯಾಗಿ 60 ವರ್ಷಕ್ಕೆ. ಕುತೂಹಲಕ್ಕೆ ಕ್ಯಾನನ್ ಅಂಕಿ ತೆಗೆದು ನೋಡಿದೆ ಮಾರಾಯ್ರೆ, 1959ರಲ್ಲಿ ಓಡಿದ್ದು 598 ಗಜವಂತೆ! ಹಿಂದಿನ ವರ್ಷದ 686ಕ್ಕಿಂತಲೂ ಕಡಿಮೆ. ಇಷ್ಟಕ್ಕೆ ಹೈಸ್‌ಮನ್ ಕೊಟ್ಟರೇ?

ಮೂರನೇಡೌನ್ · 15 ಡಿಸೆಂಬರ್ 2019

ಕೊಟ್ಟರು, ಅದೂ ಭಾರಿ ಅಂತರದಿಂದ. ಎರಡನೇ ಸ್ಥಾನದ ಪೆನ್ ಸ್ಟೇಟ್ ಕ್ವಾರ್ಟರ್‌ಬ್ಯಾಕ್ ರಿಚೀ ಲೂಕಸ್ ಹತ್ತಿರಕ್ಕೂ ಬರಲಿಲ್ಲ. ಮೂರು ತಂಡ ಸರದಿಯಲ್ಲಿ ಆಡುವಾಗ ಒಬ್ಬನ ಕೈಗೆ ಚೆಂಡು ಬರುವುದೇ ಕಡಿಮೆ. ಆ ವರ್ಷ 139 ಸಲ ಮಾತ್ರ ಚೆಂಡು ಹಿಡಿದು ಓಡಿದ್ದಾರೆ. ಅದರ ಜೊತೆಗೆ ಪಂಟ್ ಒದೆಯುವುದು, ಪಂಟ್ ಹಿಡಿಯುವುದು, ಆಗೊಮ್ಮೆ ಪಾಸ್ ಎಸೆಯುವುದು, ರಕ್ಷಣೆಗೆ ನಿಲ್ಲುವುದು. ಬರೋ ಅವರ ಅಂಕಿಯ ಪಕ್ಕದಲ್ಲಿ ಇದನ್ನಿಟ್ಟು ಹೋಲಿಸಿದರೆ ಇಬ್ಬರಿಗೂ ಅನ್ಯಾಯ. ಬರೋ ಎದುರಾಳಿಯನ್ನು ಟ್ಯಾಕಲ್ ಮಾಡಬೇಕಾದದ್ದು ತಮ್ಮ ಪಾಸನ್ನು ಬೇರೆಯವರು ಕಸಿದಾಗ ಮಾತ್ರ.

ಕಬಡ್ಡಿಕಣ್ಣು · 15 ಡಿಸೆಂಬರ್ 2019

ಕೊನೆಯ ಪ್ರಶ್ನೆ. 20ನೇ ನಂಬರ್ ಈಗ ಬೇರೆ ಯಾರಿಗಾದರೂ ಕೊಡುತ್ತಾರಾ?

ಹಳೇರೀಲು · 16 ಡಿಸೆಂಬರ್ 2019

ಇಲ್ಲ. ಎಲ್‌ಎಸ್‌ಯು ಫುಟ್‌ಬಾಲ್‌ನಲ್ಲಿ 2019ರವರೆಗೆ ನಿವೃತ್ತಿಯಾದ (ಮತ್ತೆ ಯಾರಿಗೂ ಕೊಡದ) ನಂಬರ್ ಮೂರೇ: ಕ್ಯಾನನ್ 20, ಟಾಮಿ ಕ್ಯಾಸನೋವಾ 37, ಜೆರ್ರಿ ಸ್ಟೋವಾಲ್ 21. ಸ್ಟೋವಾಲ್ ಅವರದು 2018ರಲ್ಲಷ್ಟೇ ಆದದ್ದು. 7 ಮತ್ತು 18ನ್ನು ಹಲವರು ಇವುಗಳ ಜೊತೆ ಸೇರಿಸಿ ಬರೆಯುತ್ತಾರೆ. ಅವು ನಿವೃತ್ತಿಯಾಗಿಲ್ಲ, ಗೌರವ ಅಂತ ಆಯ್ದ ಆಟಗಾರರಿಗೆ ಕೊಡುವ ನಂಬರುಗಳು.